ರಕ್ತಪಿಶಾಚಿಯ ಪ್ರೀತಿ

ಯಾರ ರಕ್ತ ಕುಡಿದು ತಾನು ಬದುಕಬೇಕೋ ಅವರನ್ನೇ ಒಂದು ಜೀವಿ ಪ್ರೀತಿಸಬಲ್ಲುದೇ ಎಂಬುದು ಯುರೋಪು ಮತ್ತು ಅಮೆರಿಕದ ರಕ್ತಪಿಶಾಚಿ ಕಥೆಗಳ ಹಳೆಯ ಪ್ರಶ್ನೆ. ಕೊಲ್ಲುತ್ತಲೇ ಮರುಗುವ, ಹಿಂಸಿಸುತ್ತಲೇ ಹಂಬಲಿಸುವ ಖಳರು ಈ ಕಥೆಗಳಲ್ಲಿ ಬಂದಾಗಲೆಲ್ಲ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಅವರ ಭಾವನೆ ಬರೀ ನಟನೆ ಎಂದು ತಳ್ಳಿಹಾಕಿದರೆ ಕೆಲಸ ಸುಲಭ. ಒಳ್ಳೆಯ ಕೃತಿಗಳು ಆ ಸುಲಭದ ದಾರಿಯನ್ನು ಮುಚ್ಚಿಬಿಡುತ್ತವೆ. ಅಲ್ಲಿ ಭಾವನೆಯೂ ನಿಜ, ಗಾಯವೂ ನಿಜ. ಹಾಗಾದರೆ ಪ್ರೀತಿಯನ್ನು ಅಳೆಯಬೇಕಾದದ್ದು ಪ್ರೀತಿಸುವವರ ಎದೆಯ ಬೇಗುದಿಯಿಂದಲೋ, ಆ ಪ್ರೀತಿಗೆ ಸಿಕ್ಕವರ ಬದುಕು ಏನಾಯಿತು ಎಂಬುದರಿಂದಲೋ?

ಜಾನ್ ಪೊಲಿಡೋರಿ ಬರೆದು 1819ರಲ್ಲಿ ಪ್ರಕಟವಾದ ‘ದಿ ವ್ಯಾಂಪೈರ್’ ಕಥೆಯ ಲಾರ್ಡ್ ರುತ್ವೆನ್ ಯಾರನ್ನೂ ಪ್ರೀತಿಸುವವನಲ್ಲ. ಒಂದು ವರ್ಷ ಒಂದು ದಿನ ಬಾಯಿ ಬಿಡುವುದಿಲ್ಲವೆಂದು ಆಬ್ರಿ ಎಂಬ ಯುವಕನಿಂದ ಆಣೆ ಮಾಡಿಸಿಕೊಂಡು, ಆ ಮೌನದ ಮರೆಯಲ್ಲೇ ಅವನ ತಂಗಿಯನ್ನು ಮದುವೆಯಾಗಿ ಕೊಲ್ಲುತ್ತಾನೆ. ದೌರ್ಜನ್ಯಕ್ಕೆ ಸುತ್ತಲಿನವರ ಮೌನವೂ ಬೇಕು ಎಂಬ ಅರಿವು ಆ ಕಥೆಯಲ್ಲಿದೆ. ಪ್ರೀತಿಯ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಅದು ಗಟ್ಟಿಯಾಗಿ ಕೇಳಿಬಂದದ್ದು ಐರಿಷ್ ಲೇಖಕ ಶೆರಿಡನ್ ಲೆ ಫಾನು ಅವರ ‘ಕಾರ್ಮಿಲ್ಲಾ’ದಲ್ಲಿ. 1871–72ರಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದಲ್ಲಿ ನಡೆಯುತ್ತದೆ. ತಾಯಿಯಿಲ್ಲದೆ ಒಂಟಿಯಾಗಿ ಬೆಳೆದ ಲಾರಾಳಿಗೆ ಗೆಳತಿಯಾಗಿ ಬರುವ ಕಾರ್ಮಿಲ್ಲಾ ಹಗಲು ಅವಳನ್ನು ಅಪ್ಪಿ ಮುದ್ದಿಸುತ್ತಾಳೆ, ಇರುಳು ಅವಳ ರಕ್ತ ಹೀರುತ್ತಾಳೆ. ಎರಡಕ್ಕೂ ಅವಳು ಇಡುವ ಹೆಸರು ಒಂದೇ. ಪ್ರೀತಿ ಎಂದಮೇಲೆ ಸ್ವಾರ್ಥ ಇದ್ದೇ ಇರುತ್ತದೆ ಎಂಬುದು ಅವಳ ವಾದ. ಲಾರಾಳಿಗೆ ಸೆಳೆತವೂ ಹೇಸಿಕೆಯೂ ಒಟ್ಟೊಟ್ಟಿಗೇ ಆಗುತ್ತವೆ. ಎಷ್ಟೋ ವರ್ಷಗಳ ಮೇಲೆ ಕಥೆಯನ್ನು ಬರೆದಿಡುವಾಗಲೂ ಬಾಗಿಲ ಬಳಿ ಕಾರ್ಮಿಲ್ಲಾಳ ಹೆಜ್ಜೆ ಸಪ್ಪಳ ಕೇಳಿದಂತೆ ಅವಳಿಗೆ ಭಾಸವಾಗುತ್ತದೆ. ಹಿಂಸೆ ಉಂಡವರು ಹಿಂಸೆ ಕೊಟ್ಟವರನ್ನು ನೆನೆದು ಹಂಬಲಿಸಬಹುದು. ಆ ಹಂಬಲವನ್ನು ಹಿಂಸೆ ನಡೆಯಲೇ ಇಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಅನ್ಯಾಯ.

ಕಾರ್ಮಿಲ್ಲಾಳ ವಾದಕ್ಕೆ ಉತ್ತರ ಅವಳಿಗಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸ್ ಪ್ರೀತಿಯ ಬಗ್ಗೆ ಎರಡು ಭಾಷಣ ಮಾಡುತ್ತಾನೆ. ಮೊದಲನೆಯದರ ಪ್ರಕಾರ, ತಾನು ಪ್ರೀತಿಸುವವನು ತನಗಿಂತ ದುರ್ಬಲನಾಗಿದ್ದರೇ ಪ್ರೇಮಿಗೆ ಅನುಕೂಲ. ಅವನನ್ನು ಬಂಧುಗಳಿಂದ, ಗೆಳೆಯರಿಂದ, ಜ್ಞಾನದಿಂದ ದೂರ ಇಡಲು ಪ್ರೇಮಿ ನೋಡುತ್ತಾನೆ. ತೋಳಕ್ಕೆ ಕುರಿಮರಿಯ ಮೇಲೆ ಇರುವಂಥದೇ ಈ ಪ್ರೀತಿ. ಇಂದು ಕೌಟುಂಬಿಕ ದೌರ್ಜನ್ಯದ ಲಕ್ಷಣಗಳೆಂದು ಗುರುತಿಸುವ ಸಂಗತಿಗಳು ಹೆಚ್ಚುಕಡಿಮೆ ಇವೇ. ಆದರೆ ಸಾಕ್ರಟೀಸ್ ಅಷ್ಟಕ್ಕೇ ನಿಲ್ಲುವುದಿಲ್ಲ. ತನ್ನ ಮಾತು ಪ್ರೇಮದೇವತೆಗೆ ಅಪಚಾರವಾಯಿತೆಂದು ಹೇಳಿ ಇನ್ನೊಂದು ಭಾಷಣ ಮಾಡುತ್ತಾನೆ. ಅದರಲ್ಲಿ ಪ್ರೀತಿ ದೇವರು ಕೊಟ್ಟ ಹುಚ್ಚು. ಎದುರಿನ ಚೆಲುವನ್ನು ಕಂಡು ಭಯಭಕ್ತಿಯಿಂದ ನಡುಗುವ ಪ್ರೇಮಿ ತನ್ನೊಳಗಿನ ಹುಚ್ಚುಕುದುರೆಯ ಕಡಿವಾಣ ಜಗ್ಗುತ್ತಾನೆ, ಪ್ರಿಯನನ್ನು ದೇವತೆಗಳ ಮಟ್ಟಕ್ಕೆ ಬೆಳೆಸಲು ಶ್ರಮಿಸುತ್ತಾನೆ. ಎರಡೂ ಪ್ರೀತಿಗಳ ಕಾವಿನಲ್ಲಿ ವ್ಯತ್ಯಾಸವಿಲ್ಲ. ಒಂದು ಪ್ರಿಯರನ್ನು ಕುಗ್ಗಿಸುತ್ತದೆ, ಇನ್ನೊಂದು ಬೆಳೆಸುತ್ತದೆ.

ಫ್ರೆಂಚ್ ಚಿಂತಕಿ ಸಿಮೋನ್ ವೇಯ್ (1909–1943) ಇದೇ ಭೇದವನ್ನು ನೋಡುವುದು ಮತ್ತು ತಿನ್ನುವುದು ಎಂಬ ಎರಡು ಕ್ರಿಯೆಗಳ ಮೂಲಕ ವಿವರಿಸಿದರು. ಚೆಲುವಿನಿಂದ ದೂರ ನಿಂತು ಅದನ್ನು ನೋಡಬೇಕು. ಅದನ್ನು ತಿನ್ನಲು ಹೊರಟಾಗ ಕೇಡು ಹುಟ್ಟುತ್ತದೆ ಎಂಬುದು ಅವರ ವಿಚಾರ. ರಕ್ತಪಿಶಾಚಿಯ ಕಥೆಯಲ್ಲಿ ಇದು ಅಕ್ಷರಶಃ ನಡೆಯುತ್ತದೆ. ಕುಡಿದ ಮೇಲೆ ಪ್ರೀತಿಸಲು ಎದುರಿಗೆ ಯಾರೂ ಉಳಿಯುವುದಿಲ್ಲ. ತನ್ನಂತೆಯೇ ಅಮರರನ್ನಾಗಿ ಮಾಡಿಕೊಂಡರೂ, ಉಳಿಯುವವರು ತಾನು ಮೆಚ್ಚಿದ ಆ ಮನುಷ್ಯರಲ್ಲ.

ಈ ದುರಂತವನ್ನು ಅತ್ಯಂತ ಆಳಕ್ಕೆ ಒಯ್ದದ್ದು ಅಮೆರಿಕದ ಲೇಖಕಿ ಆ್ಯನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ (1976). ಲೂಸಿಯಾನಾದ ತೋಟದ ಮಾಲೀಕ ಲೂಯಿ ತಮ್ಮನ ಸಾವಿನ ದುಃಖದಲ್ಲಿ ತಾನೂ ಸಾಯಬಯಸುತ್ತಿರುವ ಹೊತ್ತಿನಲ್ಲಿ ಲೆಸ್ಟಾಟ್ ಎಂಬ ರಕ್ತಪಿಶಾಚಿ ಅವನನ್ನು ತನ್ನಂತೆಯೇ ಮಾಡುತ್ತಾನೆ. ಲೂಯಿ ಒಪ್ಪಿದ್ದು ನಿಜ. ಬದುಕುವ ಮನಸ್ಸೇ ಇಲ್ಲದವನ ಒಪ್ಪಿಗೆಗೆ ಎಷ್ಟು ಬೆಲೆ ಕೊಡಬೇಕು? ಆ ಮೇಲೆ ಲೆಸ್ಟಾಟ್ ತನಗೆ ಮಾತ್ರ ಗೊತ್ತಿರುವ ರಹಸ್ಯಗಳಿವೆ ಎಂಬಂತೆ ನಡೆದುಕೊಂಡು ಲೂಯಿ ತನ್ನನ್ನೇ ನೆಚ್ಚಿಕೊಂಡಿರುವಂತೆ ನೋಡಿಕೊಳ್ಳುತ್ತಾನೆ. ಲೂಯಿ ಬಿಟ್ಟುಹೋಗುವ ಸೂಚನೆ ಕಂಡಾಗ ಕ್ಲಾಡಿಯಾ ಎಂಬ ಐದು ವರ್ಷದ ಅನಾಥ ಮಗುವನ್ನು ತಂದು, ಅವಳನ್ನೂ ರಕ್ತಪಿಶಾಚಿಯನ್ನಾಗಿಸಿ, ಇವಳು ನಮ್ಮಿಬ್ಬರ ಮಗಳು ಎನ್ನುತ್ತಾನೆ. ಕುಟುಂಬವೇ ಇಲ್ಲಿ ಬೇಡಿ. ಮಗು ಆ ಬೇಡಿಯ ಕೊಂಡಿ.

ಕ್ಲಾಡಿಯಾಳ ಬುದ್ಧಿ ಬೆಳೆಯುತ್ತದೆ, ಮೈ ಬೆಳೆಯುವುದಿಲ್ಲ. ಹೆಣ್ಣಿನ ಮನಸ್ಸು ಬಂದ ಮೇಲೂ ದಶಕಗಳ ಕಾಲ ಅವಳನ್ನು ಗೊಂಬೆಯಂತೆ ಸಿಂಗರಿಸಿ ಎತ್ತಿ ಆಡಿಸಲಾಗುತ್ತದೆ. ಇಬ್ಬರಿಗೂ ಅವಳ ಮೇಲೆ ಪ್ರೀತಿ ಇಲ್ಲವೆಂದು ಓದುಗರು ಹೇಳಲಾರರು. ಆ ಪ್ರೀತಿ ಅವಳಿಂದ ಕಸಿದುಕೊಂಡದ್ದು ಬೆಳೆಯುವ ಹಕ್ಕನ್ನೇ. ರೈಸ್ ಅವರ ಪುಟ್ಟ ಮಗಳು 1972ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ಮಗುವನ್ನು ಸಾವಿನಿಂದ ಹೇಗಾದರೂ ಹಿಡಿದು ನಿಲ್ಲಿಸಬೇಕೆಂಬ ತಾಯಿಯ ಆಸೆ ಎಷ್ಟು ಸಹಜವೋ, ಆ ಆಸೆ ಈಡೇರಿದರೆ ಎಷ್ಟು ಭೀಕರವಾದೀತೆಂಬುದನ್ನು ಬರೆಯುವ ಧೈರ್ಯ ಅಷ್ಟೇ ಅಪರೂಪ. ಲೂಯಿಗೂ ಇಲ್ಲಿ ಬಿಡುಗಡೆಯಿಲ್ಲ. ಸತ್ತ ತಾಯಿಯ ಪಕ್ಕದಲ್ಲಿ ಅಳುತ್ತಿದ್ದ ಆ ಮಗುವಿನ ರಕ್ತವನ್ನು ಮೊದಲು ಕುಡಿದವನು ಅವನೇ. ಅವನು ಸದಾ ಮರುಗುತ್ತಾನೆ. ಆದರೆ ಮರುಕ ಅವನ ಕಣ್ಣನ್ನು ತನ್ನ ಕಡೆಗೇ ತಿರುಗಿಸಿಡುತ್ತದೆ. ಕ್ಲಾಡಿಯಾಳ ಸಂಕಟ ಅವನಿಗೆ ತನ್ನ ಪಾಪದ ಒಂದು ಅಧ್ಯಾಯವಾಗಿ ಕಾಣುತ್ತದೆ, ಅವಳದೇ ಬದುಕಾಗಿ ಕಾಣುವುದು ಕಡಿಮೆ. ಪಾಪಪ್ರಜ್ಞೆಯೂ ಒಂದು ಬಗೆಯ ಸ್ವಾರ್ಥವಾಗಬಲ್ಲುದೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಾದಂಬರಿಗಳು ಹೆಚ್ಚಿಲ್ಲ.

1985ರ ‘ದಿ ವ್ಯಾಂಪೈರ್ ಲೆಸ್ಟಾಟ್’ನಲ್ಲಿ ಕಥೆ ಹೇಳುವವನು ಲೆಸ್ಟಾಟ್. ಮ್ಯಾಗ್ನಸ್ ಎಂಬ ಮುದಿ ರಕ್ತಪಿಶಾಚಿ ಅವನನ್ನು ಅಪಹರಿಸಿ, ಬಲವಂತದಿಂದ ರಕ್ತಪಿಶಾಚಿಯನ್ನಾಗಿಸಿ, ಏನೂ ಕಲಿಸದೆ ತಾನು ಬೆಂಕಿಗೆ ಬಿದ್ದು ಸತ್ತದ್ದು ಆಗ ತಿಳಿಯುತ್ತದೆ. ಓದುಗರ ಕರುಳು ಚುರುಕ್ಕೆನ್ನುತ್ತದೆ, ಎನ್ನಲೇಬೇಕು. ಆದರೆ ಲೆಸ್ಟಾಟ್ ಉಂಡ ನೋವು ಕ್ಲಾಡಿಯಾಳ ಲೆಕ್ಕದಲ್ಲಿ ಜಮೆಯಾಗುವುದಿಲ್ಲ. ಈ ಕಥೆಯನ್ನು ಆಧರಿಸಿ 2022ರಲ್ಲಿ ಆರಂಭವಾದ ಟಿ.ವಿ. ಸರಣಿಯಲ್ಲಿ ಲೆಸ್ಟಾಟ್ ಲೂಯಿಯನ್ನು ಬಡಿದು, ಆಕಾಶಕ್ಕೆ ಒಯ್ದು, ಅಲ್ಲಿಂದ ಕೆಳಗೆ ಬೀಳಿಸುವ ದೃಶ್ಯವಿದೆ. ಅಲ್ಲಿ ಹೊಡೆತವನ್ನು ಹೊಡೆತವೆಂದೇ ತೋರಿಸಲಾಗಿದೆ. ಇದು ಸರಣಿಯ ಪ್ರಾಮಾಣಿಕತೆ.

ಆತ್ಮವಿಲ್ಲದ ಜೀವಿ ಪ್ರೀತಿಸಬಲ್ಲುದೇ ಎಂಬ ಧರ್ಮಶಾಸ್ತ್ರದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ (1997–2003) ಸರಣಿ. ಅದರ ನಿಯಮದಂತೆ ರಕ್ತಪಿಶಾಚಿಗೆ ಆತ್ಮವಿಲ್ಲ. ಆದರೂ ಸ್ಪೈಕ್ ಎಂಬ ರಕ್ತಪಿಶಾಚಿ, ತನ್ನಂಥವರನ್ನು ಬೇಟೆಯಾಡುವ ಬಫಿಯನ್ನು ಪ್ರೀತಿಸುತ್ತಾನೆ. ಅವಳ ತಂಗಿಯ ಗುಟ್ಟು ಕಾಯಲು ಚಿತ್ರಹಿಂಸೆಯನ್ನೂ ತಡೆದುಕೊಳ್ಳುತ್ತಾನೆ. ಇನ್ನೊಬ್ಬರ ಒಳಿತನ್ನು ಬಯಸುವುದೇ ಪ್ರೀತಿ ಎಂದು ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಹೇಳಿದ ಅರ್ಥದಲ್ಲೂ ಅದು ಪ್ರೀತಿಯೇ. ಅದೇ ಸ್ಪೈಕ್ 2002ರ ಕಂತೊಂದರಲ್ಲಿ ಬಫಿಯ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ, ಬಳಿಕ ಕಠಿಣ ಪರೀಕ್ಷೆಗಳನ್ನು ಎದುರಿಸಿ ಆತ್ಮವನ್ನು ಪಡೆಯುತ್ತಾನೆ. ಆಗ ಅವನಿಗೆ ಆತ್ಮವಿರಲಿಲ್ಲ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಆತ್ಮವಿಲ್ಲದೆಯೂ ಅವಳಿಗಾಗಿ ನೋವು ನುಂಗಬಲ್ಲವನಾಗಿದ್ದರೆ, ಆತ್ಮವಿಲ್ಲದೆಯೂ ಕೈ ತಡೆದುಕೊಳ್ಳಬಲ್ಲವನಾಗಿದ್ದ. ಆತ್ಮ ಸಿಕ್ಕಿದ್ದರಿಂದ ಅವನಿಗೆ ಪಶ್ಚಾತ್ತಾಪ ಸಾಧ್ಯವಾಯಿತು. ಬಫಿಯ ಕ್ಷಮೆಯ ಮೇಲೆ ಹಕ್ಕು ಸಿಗಲಿಲ್ಲ.

ಖಳನ ನೋವನ್ನು ಎತ್ತಿ ಹಿಡಿಯುವ ಭರದಲ್ಲಿ ಹಿಂಸೆಯನ್ನೇ ಅಳಿಸಿಬಿಟ್ಟ ಉದಾಹರಣೆಗಳೂ ಇವೆ. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ಕೌಂಟ್ ಡ್ರಾಕುಲಾ, ಮೀನಾ ಹಾರ್ಕರ್‌ಳ ಕೋಣೆಗೆ ನುಗ್ಗಿ, ಗಂಡ ಮಂಪರಿನಲ್ಲಿ ಬಿದ್ದಿರುವಾಗಲೇ, ಅವಳ ತಲೆ ಅದುಮಿ ತನ್ನ ಎದೆಯ ರಕ್ತ ಕುಡಿಸುತ್ತಾನೆ. ಕ್ರೈಸ್ತರ ಪರಮಪ್ರಸಾದದಲ್ಲಿ ಕ್ರಿಸ್ತ ತನ್ನ ರಕ್ತವನ್ನು ಕೊಡುತ್ತಾನೆ, ಭಕ್ತರು ಬಯಸಿ ಸ್ವೀಕರಿಸುತ್ತಾರೆ. ಇಲ್ಲಿ ಕೊಡುವುದು ಕೂಡ ಬಲಾತ್ಕಾರ. ಫ್ರಾನ್ಸಿಸ್ ಫೋರ್ಡ್ ಕೊಪೋಲಾ ಅವರ 1992ರ ಚಿತ್ರದಲ್ಲಿ ಮೀನಾ ಕೌಂಟ್‌ನ ಸತ್ತ ಹೆಂಡತಿಯ ಪುನರ್ಜನ್ಮ. ಆ ರಕ್ತವನ್ನು ಅವಳೇ ಬಯಸುತ್ತಾಳೆ. ಚಿತ್ರ ಕಣ್ಣಿಗೆ ಸೊಗಸು, ಆದರೆ ಪುನರ್ಜನ್ಮದ ಕಲ್ಪನೆಯೊಳಗಿರುವ ಕ್ರೌರ್ಯವನ್ನು ಅದು ಕಾಣುವುದಿಲ್ಲ. 1960ರ ದಶಕದ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿ ಅದನ್ನು ಕಂಡಿತ್ತು. ಅಲ್ಲಿ ಬಾರ್ನಬಾಸ್ ಕಾಲಿನ್ಸ್ ಎಂಬ ರಕ್ತಪಿಶಾಚಿ ಮ್ಯಾಗಿ ಎಂಬ ಯುವತಿಯನ್ನು ಸೆರೆಯಲ್ಲಿಟ್ಟು, ನೀನು ನನ್ನ ಕಳೆದುಹೋದ ಜೋಸೆಟ್ ಎಂದು ನಂಬಿಸಲು ಹೊರಡುತ್ತಾನೆ. ಅವನ ವಿರಹ ಪ್ರಾಮಾಣಿಕ. ಅವಳಿಗೆ ಅವಳ ಹೆಸರೂ ಉಳಿಯುವುದಿಲ್ಲ.

ಸ್ಟೋಕರ್ ಕಾದಂಬರಿಯಲ್ಲೂ ಒಂದು ಅನ್ಯಾಯವಿದೆ. ಡ್ರಾಕುಲಾ ರಕ್ತ ಕುಡಿಸಿದ ಮೇಲೆ ಮೀನಾಳ ಹಣೆಗೆ ಪರಮಪ್ರಸಾದ ಸೋಕಿಸಿದರೆ ಚರ್ಮ ಸುಟ್ಟು ಕಲೆ ಬೀಳುತ್ತದೆ. ಅವಳು ತಾನು ಅಪವಿತ್ರಳೆಂದು ಗೋಳಿಡುತ್ತಾಳೆ. ಅಪರಾಧ ಅವನದು, ಗುರುತು ಅವಳ ಹಣೆಯ ಮೇಲೆ. ಕ್ರೈಸ್ತ ಧರ್ಮಶಾಸ್ತ್ರವೇ ಇದನ್ನು ಒಪ್ಪಬೇಕಿಲ್ಲ. ಕ್ರಿ.ಶ. 410ರಲ್ಲಿ ರೋಮ್ ನಗರ ಲೂಟಿಯಾದಾಗ ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಬಗ್ಗೆ ಬರೆಯುತ್ತಾ ಸಂತ ಅಗಸ್ಟೀನ್, ಪಾವಿತ್ರ್ಯ ಇರುವುದು ಮನಸ್ಸಿನ ಸಂಕಲ್ಪದಲ್ಲಿ, ಇನ್ನೊಬ್ಬರ ಬಲಾತ್ಕಾರದಿಂದ ಅದು ಕೆಡುವುದಿಲ್ಲ ಎಂದು ವಾದಿಸಿದ್ದರು.

ಆದರೂ ಕಾದಂಬರಿಯ ಅತ್ಯಂತ ಪ್ರಬುದ್ಧ ನಿಲುವು ಮೀನಾಳದೇ. ಡ್ರಾಕುಲಾನನ್ನು ಕೊಲ್ಲಲು ಹೊರಟವರಿಗೆ, ಅವನ ಮೇಲೂ ಕನಿಕರವಿರಲಿ ಎಂದು ಅವಳು ಹೇಳುತ್ತಾಳೆ. ಬೆನ್ನಟ್ಟುವುದನ್ನು ನಿಲ್ಲಿಸಿ ಎಂದು ಹೇಳುವುದಿಲ್ಲ. ಸಮ್ಮೋಹನಕ್ಕೆ ಒಳಗಾಗಿ ಅವನ ಪಯಣದ ಸುಳಿವು ಕೊಡುವವಳು, ಅವನು ಯಾವ ನದಿಯ ದಾರಿ ಹಿಡಿದಿದ್ದಾನೆಂದು ತರ್ಕಿಸಿ ತಿಳಿಸುವವಳು ಅವಳೇ.