ಆಡುವ ಕೈ, ಬರೆಯುವ ಕೈ

ಹಣ ಕೊಟ್ಟು ತಂದ ವಸ್ತುವಿನ ಮೇಲೆ ನಮಗಿರುವ ಹಕ್ಕು ಎಷ್ಟು? ಅದನ್ನು ಬಳಸುವುದಷ್ಟೇ ನಮ್ಮ ಪಾಲೋ, ಅದು ಏನು ಮಾಡಬೇಕೆಂದು ಹೇಳುವ ಅಧಿಕಾರವೂ ನಮಗಿದೆಯೋ? ಮಕ್ಕಳ ಆಟದ ಪೆಟ್ಟಿಗೆಯೊಂದರ ಚರಿತ್ರೆಯಲ್ಲಿ ಈ ಪ್ರಶ್ನೆ ಅಡಗಿದೆ.

1977ರಲ್ಲಿ ಅಮೆರಿಕದ ಅಟಾರಿ ಕಂಪೆನಿ ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅಟಾರಿ 2600 ಎಂದು ಹೆಸರಾದ ಆ ಯಂತ್ರದ ಮೆಮೊರಿ ಬರೇ 128 ಬೈಟ್. ಇಂದಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಣ್ಣ ವಾಕ್ಯ ಬರೆದರೂ ಅಷ್ಟು ಜಾಗ ತುಂಬಿಹೋಗುತ್ತದೆ. ಪರದೆಯ ಇಡೀ ಚಿತ್ರವನ್ನು ಇಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಟೀವಿಯಲ್ಲಿ ಒಂದೊಂದು ಗೆರೆ ಮೂಡುತ್ತಿದ್ದಂತೆ, ಆ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಂ ಆಗಿಂದಾಗಲೇ ಹೇಳುತ್ತಾ ಹೋಗಬೇಕಿತ್ತು.

ಇಂಥ ಬಡ ಯಂತ್ರಕ್ಕೂ ಅಟಾರಿಯ ವಾರೆನ್ ರಾಬಿನೆಟ್ 'ಬೇಸಿಕ್ ಪ್ರೋಗ್ರಾಮಿಂಗ್' ಎಂಬ ಕಾರ್ಟ್ರಿಜ್ ಸಿದ್ಧಪಡಿಸಿದರು. ಕೀಪ್ಯಾಡ್ ಜೋಡಿಸಿ ಮನೆಯವರೇ ಪ್ರೋಗ್ರಾಂ ಬರೆಯಬಹುದಿತ್ತು. ಅರವತ್ತು ಚಿಲ್ಲರೆ ಚಿಹ್ನೆಗಳಿಗೆ ಜಾಗ ಮುಗಿಯುತ್ತಿತ್ತು. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಮಾಯ. ವ್ಯಾಪಾರಿಯ ಕಣ್ಣಿಗೆ ಇದು ಪ್ರಯೋಜನವಿಲ್ಲದ ವಸ್ತು. ಆದರೆ ಉರ್ದು ಶಾಲೆಯ ಮಗು ತಖ್ತಿಯ ಮೇಲೆ ಬರೆದದ್ದನ್ನೂ ತೊಳೆದುಬಿಡುತ್ತಾರೆ. ಬರಹ ಹೋಗುತ್ತದೆ, ತಿದ್ದಿದ ಕೈ ಉಳಿಯುತ್ತದೆ.

ವಿಚಿತ್ರವೆಂದರೆ, ಆಡುವವರ ಕೈಗೆ ಲೇಖನಿ ಕೊಟ್ಟ ಅದೇ ಕಂಪೆನಿ ಆಟ ರಚಿಸಿದವರ ಹೆಸರನ್ನು ಹಾಕುತ್ತಿರಲಿಲ್ಲ. ಹಾಗಾಗಿ ರಾಬಿನೆಟ್ ತಮ್ಮ 'ಅಡ್ವೆಂಚರ್' ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ ಅಲ್ಲಿ ತಮ್ಮ ಹೆಸರು ಬರೆದಿಟ್ಟರು. ಕಂಪೆನಿಗೆ ಅದು ಗೊತ್ತಾಗುವಷ್ಟರಲ್ಲಿ ಅವರು ಕೆಲಸ ಬಿಟ್ಟಾಗಿತ್ತು.

ಜಪಾನಿನಲ್ಲಿ ನಿಂಟೆಂಡೊ ತನ್ನ ಫ್ಯಾಮಿಕಾಂ ಯಂತ್ರಕ್ಕೆ 1984ರಲ್ಲಿ 'ಫ್ಯಾಮಿಲಿ ಬೇಸಿಕ್' ಮತ್ತು ಕೀಬೋರ್ಡ್ ಕೊಟ್ಟಿತು. ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಲೂ ಬರುತ್ತಿತ್ತು. ಆದರೆ 1985ರಲ್ಲಿ ಅದೇ ಯಂತ್ರ ಹೊಸ ರೂಪದಲ್ಲಿ ಅಮೆರಿಕಕ್ಕೆ ಹೋದಾಗ ಫ್ಯಾಮಿಲಿ ಬೇಸಿಕ್ ಜೊತೆಗೆ ಹೋಗಲಿಲ್ಲ. ಬದಲಿಗೆ, ಕಂಪೆನಿಯ ಒಪ್ಪಿಗೆಯಿಲ್ಲದ ಕಾರ್ಟ್ರಿಜ್ ಓಡದಂತೆ ತಡೆಯುವ ಬೀಗದ ಚಿಪ್ಪೊಂದು ಸೇರಿಕೊಂಡಿತ್ತು.

ಕಂಪೆನಿಯ ಪಕ್ಷದಲ್ಲೂ ನ್ಯಾಯವಿದೆ. 1983ರ ಹೊತ್ತಿಗೆ ಅಮೆರಿಕದಲ್ಲಿ ಕಳಪೆ ಆಟಗಳು ರಾಶಿ ಬಿದ್ದು ಆ ಉದ್ಯಮವೇ ಕುಸಿದಿತ್ತು. ಸಂತೆಯಲ್ಲಿ ಮಾರುವವನ ಸರಕನ್ನು ಪರೀಕ್ಷಿಸಬೇಕೆಂದರೆ ನಾವು ಒಪ್ಪೋಣ. ಆದರೆ ತನ್ನ ಮನೆಯಲ್ಲಿ ತನ್ನ ಸಂತೋಷಕ್ಕೆ ನಾಲ್ಕು ಸಾಲು ಬರೆಯುವ ಹುಡುಗಿಯಿಂದ ಯಾರಿಗೆ ನಷ್ಟ? ಬೀಗಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದು ಇಬ್ಬರನ್ನೂ ಹೊರಗೆ ನಿಲ್ಲಿಸುತ್ತದೆ.

ಎಲ್ಲರೂ ಪ್ರೋಗ್ರಾಮರ್ ಆಗಬೇಕಿಲ್ಲ, ಎಲ್ಲರೂ ಕವಿಗಳಾಗಬೇಕಿಲ್ಲವಲ್ಲ. ಆದರೂ ಎಲ್ಲರಿಗೂ ಅಕ್ಷರ ಕಲಿಸುತ್ತೇವೆ. ಒಮ್ಮೆಯಾದರೂ ಬರೆದು ನೋಡಿದವರಿಗೆ ಒಂದು ವಿಷಯ ಮನದಟ್ಟಾಗುತ್ತದೆ: ಪರದೆಯ ಮೇಲಿರುವ ನಿಯಮ ಆಕಾಶದಿಂದ ಇಳಿದದ್ದಲ್ಲ, ಯಾರೋ ಬರೆದದ್ದು, ಬೇರೆ ರೀತಿಯಲ್ಲೂ ಬರೆಯಬಹುದಿತ್ತು. ಈ ಅರಿವು ಆಟಕ್ಕಿಂತ ಹೆಚ್ಚಾಗಿ ಬದುಕಿಗೆ ಬೇಕು. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನ ಮುಂದೆ ಅಟಾರಿ ಏನೇನೂ ಅಲ್ಲ. ಆ ಮೊಬೈಲಿನಲ್ಲಿ ಅವರು ಎಷ್ಟು ಹೊತ್ತು ಆಡುತ್ತಾರೆಂದು ಗದರುವ ನಾವು, ಅದರಲ್ಲಿ ಅವರು ತಾವೇ ಏನಾದರೂ ಮಾಡಿದ್ದಾರೆಯೇ ಎಂದೂ ಕೇಳಬೇಕು.