ಯಂತ್ರವಿಷಯಗಳಲ್ಲಿ ವಾದಧರ್ಮ

ಇಬ್ಬರು ಸೇರಿದಲ್ಲಿ ಮಾತು, ಮೂವರು ಸೇರಿದಲ್ಲಿ ವಾದ ಎಂಬುದು ನಮ್ಮ ಊರುಗಳ ಜಗಲಿಗಳನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಹಿಂದೆ ಆ ವಾದವು ಮಳೆಬೆಳೆಗಳನ್ನೂ ಮದುವೆ ಮುಂಜಿಗಳನ್ನೂ ಕುರಿತು ನಡೆಯುತ್ತಿದ್ದಿತು. ಪಂಡಿತರಿದ್ದ ಕಡೆ ದ್ವೈತಾದ್ವೈತಗಳನ್ನು ಕುರಿತೂ ನಡೆಯುತ್ತಿದ್ದಿತು. ಈಗ ಅದು ಬಹುಮಟ್ಟಿಗೆ ಯಂತ್ರಗಳನ್ನು ಕುರಿತು ನಡೆಯುತ್ತದೆ. ವಿದ್ಯುತ್ತಿನಿಂದ ಓಡುವ ಗಾಡಿಯು ಮೇಲೋ ಪೆಟ್ರೋಲಿನಿಂದ ಓಡುವುದು ಮೇಲೋ, ಅಣುಶಕ್ತಿಯು ವರವೋ ಶಾಪವೋ, ಯೋಚಿಸುವಂತೆ ತೋರುವ ಗಣಕಯಂತ್ರವು ನಿಜವಾಗಿ ಯೋಚಿಸುವುದೋ ಇಲ್ಲವೋ ಎಂದು ಯಂತ್ರವನ್ನು ಕಟ್ಟಿದವರಿಗಿಂತ ಹೆಚ್ಚಿನ ಆವೇಶದಿಂದ ನಾವು ವಾದಿಸುತ್ತೇವೆ. ಇಂತಹ ವಾದಕ್ಕೂ ಒಂದು ಧರ್ಮವುಂಟೋ, ಉಂಟಾದರೆ ಅದು ಯಾವುದು ಎಂಬುದೇ ಈ ಲೇಖನದ ವಿಚಾರವು.

ಈ ವಿಚಾರವನ್ನು ನಾನು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಅದು ನನಗೆ ಗೌರವವನ್ನು ತರತಕ್ಕದ್ದಲ್ಲ. ಆದರೂ ಅದನ್ನು ಮೊದಲೇ ಹೇಳಿಬಿಡುವುದು ಲೇಸು.

2023ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ನಮ್ಮ ವಾಚನಾಲಯದಲ್ಲಿ ಸಂಜೆಯ ಮಾತೆಲ್ಲ ಚಂದ್ರನದೇ ಆಗಿದ್ದಿತು. ನಮ್ಮ ಚಂದ್ರಯಾನ-3 ಜುಲೈ 14ರಂದು ಶ್ರೀಹರಿಕೋಟದಿಂದ ಹೊರಟಿತ್ತು. ರಷ್ಯಾದವರ ಲೂನಾ-25 ಆಗಸ್ಟ್ 11ರಂದು ಹೊರಟು, ಐದಾರು ದಿನಗಳಲ್ಲಿಯೇ ಚಂದ್ರನ ಕಕ್ಷೆಯನ್ನು ಸೇರಿ, ನಮಗಿಂತ ಮೊದಲೇ ಇಳಿಯುವುದೆಂದು ವರ್ತಮಾನ ಬಂದಿತು. ನಾಲ್ಕು ವಾರ ತಡವಾಗಿ ಹೊರಟವರು ಮುಂಚಿತವಾಗಿ ಸೇರುವುದು ಹೇಗೆ? ಯಾರೋ ಈ ಪ್ರಶ್ನೆಯನ್ನು ಕೇಳಿದರು. ಎಲ್ಲರೂ ವಾಡಿಕೆಯಂತೆ ನನ್ನ ಮುಖವನ್ನು ನೋಡಿದರು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠ ಹೇಳಿದವನಿಗೆ 'ತಿಳಿಯದು' ಎಂಬ ಮಾತು ಸುಲಭವಾಗಿ ನಾಲಗೆಗೆ ಬರುವುದಿಲ್ಲ. "ನಮ್ಮವರು ಸುತ್ತಿ ಸುತ್ತಿ ಹೋಗುವುದು ಜಾಗರೂಕತೆಗಾಗಿ. ನಿಧಾನವೇ ಪ್ರಧಾನ" ಎಂದು ನಾನು ಹೇಳಿದೆನು.

ಬೆಂಚಿನ ತುದಿಯಲ್ಲಿ ಕುಳಿತಿದ್ದ ಹದಿನೇಳು ವರ್ಷದ ಹುಡುಗನೊಬ್ಬನು ವಿನಯದಿಂದಲೇ ಹೇಳಿದನು: "ಹಾಗಲ್ಲ ಮೇಷ್ಟ್ರೇ. ನಮ್ಮ ನೌಕೆಯ ತೂಕ ಸುಮಾರು 3,900 ಕಿಲೋಗ್ರಾಂ. ಅವರದು ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟು ಭಾರವನ್ನು ಒಂದೇ ಸಲಕ್ಕೆ ಚಂದ್ರನ ಕಡೆಗೆ ಎಸೆಯುವ ಬಲ ನಮ್ಮ ರಾಕೆಟ್ಟಿಗಿಲ್ಲ. ಅದಕ್ಕೇ ಭೂಮಿಯನ್ನು ಸುತ್ತುತ್ತ, ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನ್ ಉರಿಸಿ ಕಕ್ಷೆಯನ್ನು ಹಿಗ್ಗಿಸುತ್ತಾರೆ. ಹತ್ತಿರ ಬಂದಾಗ ಉರಿಸಿದರೆ ಲಾಭ ಹೆಚ್ಚು."

ನಾನು ನಕ್ಕೆನು. "ಲಾಭವೆಂಬುದು ಶೆಟ್ಟರ ಅಂಗಡಿಯ ಮಾತಯ್ಯ! ಒಂದು ಸೇರು ಬೆಲ್ಲ ಸಂತೆಯಲ್ಲಿಯೂ ಒಂದು ಸೇರು, ಮನೆಯಲ್ಲಿಯೂ ಒಂದು ಸೇರು. ಅದೇ ಇಂಧನ ಇಲ್ಲಿ ಉರಿದರೆ ಹೆಚ್ಚು, ಅಲ್ಲಿ ಉರಿದರೆ ಕಡಿಮೆಯೇ?" ಎಂದೆನು. ಸಭೆಯು ಗೊಳ್ಳೆಂದು ನಕ್ಕಿತು. ಹುಡುಗನು ಮುಖ ಕೆಂಪಗೆ ಮಾಡಿಕೊಂಡು ಸುಮ್ಮನಾದನು.

ಆಗಸ್ಟ್ 19ರಂದು ಲೂನಾ-25 ಚಂದ್ರನ ಮೇಲೆ ಅಪ್ಪಳಿಸಿ ಒಡೆಯಿತು. ಮರುದಿನ ನನ್ನನ್ನು ಕಂಡವರೆಲ್ಲ "ಮೇಷ್ಟರ ಮಾತು ನಿಜವಾಯಿತು, ಅವಸರದವರು ಕೆಟ್ಟರು" ಎಂದು ಕೊಂಡಾಡಿದರು. ನಾನೂ ಹಿಗ್ಗಿದೆನು. ಆದರೆ ಆ ರಾತ್ರಿ ಏನೋ ಒಂದು ಅಳುಕು ಹುಟ್ಟಿ, ಮೊಮ್ಮಗಳ ಭೌತಶಾಸ್ತ್ರದ ಪುಸ್ತಕವನ್ನು ತೆರೆದು ಕುಳಿತೆನು. ಚಲಿಸುವ ವಸ್ತುವಿನ ಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುವುದೆಂಬ ಸೂತ್ರವು ಅಲ್ಲಿ ಇದ್ದಿತು. ನಿಯತವಾದಷ್ಟು ಇಂಧನವು ನೌಕೆಯ ವೇಗಕ್ಕೆ ನಿಯತವಾದಷ್ಟನ್ನೇ ಕೂಡಿಸುತ್ತದೆ ಎಂದಿಟ್ಟುಕೊಳ್ಳೋಣ. ವೇಗವು 2 ಇರುವಾಗ 1ನ್ನು ಕೂಡಿಸಿದರೆ ವರ್ಗವು 4ರಿಂದ 9ಕ್ಕೆ ಏರಿ 5 ಹೆಚ್ಚುತ್ತದೆ. ವೇಗವು 10 ಇರುವಾಗ ಅದೇ 1ನ್ನು ಕೂಡಿಸಿದರೆ 100ರಿಂದ 121ಕ್ಕೆ ಏರಿ 21 ಹೆಚ್ಚುತ್ತದೆ. ದೀರ್ಘವೃತ್ತದ ಕಕ್ಷೆಯಲ್ಲಿ ನೌಕೆಯ ವೇಗವು ಭೂಮಿಗೆ ಅತಿ ಸಮೀಪವಾದ ಬಿಂದುವಿನಲ್ಲಿಯೇ ಗರಿಷ್ಠವಾಗಿರುವುದು. ಹುಡುಗನು ಹೇಳಿದ ಲಾಭವು ಇದೇ. ಅವನ ಮಾತು ಅಕ್ಷರಶಃ ಸತ್ಯವಾಗಿತ್ತು. ನನ್ನ ಬೆಲ್ಲದ ದೃಷ್ಟಾಂತವು ಶುದ್ಧ ಅಜ್ಞಾನವಾಗಿತ್ತು. ಇನ್ನು ಲೂನಾ ಒಡೆದುದೋ? ಅದು ಬೇಗನೆ ಹೋದುದರಿಂದ ಆದುದಲ್ಲ. 84 ಸೆಕೆಂಡು ಉರಿದು ಆರಬೇಕಾಗಿದ್ದ ಎಂಜಿನ್ನು 127 ಸೆಕೆಂಡು ಉರಿಯಿತೆಂದು ರಷ್ಯಾದ ಸಂಸ್ಥೆಯವರೇ ತಿಳಿಸಿದರು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಇರುವ ಸಂಬಂಧವೇ ನನ್ನ ಮಾತಿಗೂ ಆ ಅಪಘಾತಕ್ಕೂ ಇದ್ದಿತು.

ನಾನು ಮಾಡಿದುದೇನು ಎಂಬುದನ್ನು ಶಾಸ್ತ್ರದ ಕಣ್ಣಿನಿಂದ ನೋಡೋಣ. ಗೌತಮರ ನ್ಯಾಯಸೂತ್ರಗಳಲ್ಲಿ ಕಥೆಯು, ಎಂದರೆ ಚರ್ಚೆಯು, ಮೂರು ವಿಧವಾಗಿ ಹೇಳಲ್ಪಟ್ಟಿದೆ. ಸತ್ಯವನ್ನು ತಿಳಿಯಬೇಕೆಂದು ಪ್ರಮಾಣ ತರ್ಕಗಳಿಂದ ನಡೆಸುವುದು ವಾದ. ಗೆಲ್ಲಬೇಕೆಂದು, ಬೇಕಾದರೆ ಮೋಸವನ್ನೂ ಸೇರಿಸಿ ನಡೆಸುವುದು ಜಲ್ಪ. ತನ್ನದೆಂದು ಯಾವ ಪಕ್ಷವನ್ನೂ ಸ್ಥಾಪಿಸದೆ ಎದುರಿನವನ ಪಕ್ಷವನ್ನು ಮುರಿಯುವುದೇ ಕೆಲಸವಾದುದು ವಿತಂಡ. ಎದುರಿನವನು ಒಂದು ಅರ್ಥದಲ್ಲಿ ಆಡಿದ ಶಬ್ದಕ್ಕೆ ಬೇರೆ ಅರ್ಥವನ್ನು ಕಲ್ಪಿಸಿ ಖಂಡಿಸುವುದಕ್ಕೆ ವಾಕ್ಛಲವೆಂದು ಹೆಸರು. 'ನವಕಂಬಳ'ವನ್ನು ಹೊದ್ದವನನ್ನು ನೋಡಿ "ಇವನಿಗೆ ಒಂಬತ್ತು ಕಂಬಳಿ ಎಲ್ಲಿವೆ?" ಎಂದು ಕೇಳುವುದು ಅದರ ಪ್ರಸಿದ್ಧವಾದ ಉದಾಹರಣೆ. ಹುಡುಗನ 'ಲಾಭ'ವನ್ನು ನಾನು ಅಂಗಡಿಗೆ ಎಳೆದುದು ಇದೇ ಜಾತಿಯದು. ಮೇಲುಮೇಲಿನ ಹೋಲಿಕೆಯನ್ನು ಹಿಡಿದು ಉತ್ತರ ಕೊಡುವುದಕ್ಕೆ 'ಜಾತಿ' ಎಂದೇ ಪರಿಭಾಷೆ. ಅದು ನನ್ನ ಬೆಲ್ಲ. ಪಾಠಶಾಲೆಯಲ್ಲಿ ಈ ದೋಷಗಳ ಪಟ್ಟಿಯನ್ನು ಕಂಠಪಾಠ ಮಾಡಿ ಒಪ್ಪಿಸಿದವನು ನಾನು. ಅದನ್ನು ಪರರಲ್ಲಿ ಹುಡುಕುವುದಕ್ಕಾಗಿ ಕಲಿತೆನೇ ಹೊರತು ನನ್ನಲ್ಲಿ ಹುಡುಕುವುದಕ್ಕಾಗಿ ಕಲಿಯಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. "ವೇದಾಂತದ ಚರ್ಚೆಯಲ್ಲಿ ಮಾತೇ ಬಂಡವಾಳ, ಅಲ್ಲಿ ನಿಯಮ ಬೇಕು. ಯಂತ್ರವಾದರೋ ಮಾತನ್ನು ಕೇಳುವುದಿಲ್ಲ. ನೌಕೆಯು ಇಳಿಯುವುದು ಅಥವಾ ಒಡೆಯುವುದು. ಜಗಲಿಯ ಜಲ್ಪದಿಂದ ಅದಕ್ಕೇನು?" ಎಂದು. ಕೇಳುವುದಕ್ಕೆ ಸೊಗಸಾದ ಆಕ್ಷೇಪಣೆಯೇ. ಆದರೆ ಯಂತ್ರವನ್ನು ಕಟ್ಟುವವರೂ ನಡೆಸುವವರೂ ಕೊಳ್ಳುವವರೂ ಮನುಷ್ಯರು. ಅವರು ಮಾತನ್ನು ಕೇಳಿಯೇ ನಿಶ್ಚಯಿಸುತ್ತಾರೆ. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುವೆನು.

ಮೊದಲನೆಯದು ವಿದ್ಯುತ್ತಿನದು. 1882ರಲ್ಲಿ ಎಡಿಸನ್ ಮಹಾಶಯನು ನ್ಯೂಯಾರ್ಕಿನಲ್ಲಿ ನೇರ ವಿದ್ಯುತ್ತಿನಿಂದ ದೀಪಗಳನ್ನು ಬೆಳಗಿಸಿದನು. ಆ ವಿದ್ಯುತ್ತನ್ನು ಆ ಕಾಲದ ಸಾಧನಗಳಿಂದ ಒಂದೆರಡು ಮೈಲಿಗಿಂತ ಆಚೆ ಒಯ್ಯುವುದು ಲಾಭಕರವಾಗಿರಲಿಲ್ಲ. ವೆಸ್ಟಿಂಗ್‌ಹೌಸನು ಪರ್ಯಾಯ ವಿದ್ಯುತ್ತಿನ ಪಕ್ಷವನ್ನು ಹಿಡಿದನು. ಟ್ರಾನ್ಸ್‌ಫಾರ್ಮರಿನಿಂದ ಅದರ ಒತ್ತಡವನ್ನು ಏರಿಸಿ ಬಹುದೂರ ಕಳುಹಿಸಬಹುದಾಗಿದ್ದಿತು. ವಿವಾದಾಂಶವು ಇಷ್ಟೇ: ಕಡಮೆ ನಷ್ಟದಿಂದ ದೂರಕ್ಕೆ ಸಾಗುವುದು ಯಾವುದು? ಆದರೆ 1888ರಲ್ಲಿ ಎಡಿಸನ್ನನ ಪಕ್ಷದ ಕಡೆಯಿಂದ ನಾಯಿಗಳನ್ನೂ ಕರುಗಳನ್ನೂ ಕುದುರೆಯನ್ನೂ ಪರ್ಯಾಯ ವಿದ್ಯುತ್ತಿನಿಂದ ಕೊಂದು ತೋರಿಸುವ ಪ್ರದರ್ಶನಗಳು ನಡೆದುವು. 1890ರಲ್ಲಿ ಮರಣದಂಡನೆಯ ಕುರ್ಚಿಗೂ ಅದೇ ವಿದ್ಯುತ್ತು ಬಂದಿತು. ಹೆಚ್ಚಿನ ಒತ್ತಡದ ತಂತಿಯು ಅಪಾಯಕರವೆಂಬುದೇನೋ ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಯು ಅದಲ್ಲ. ಪ್ರಕೃತಕ್ಕೆ ಸೇರದುದನ್ನು ತಂದು ಸಭೆಯ ಮನಸ್ಸನ್ನು ತಿರುಗಿಸುವುದನ್ನು ಗೌತಮರು 'ಅರ್ಥಾಂತರ'ವೆಂದು ಕರೆದು ಸೋಲಿನ ಸ್ಥಾನಗಳಲ್ಲಿ ಎಣಿಸಿದ್ದಾರೆ.

ಈ ಕಥೆಯ ಮುಂದಿನ ಭಾಗವು ನಮ್ಮ ನಾಡಿಗೆ ಸೇರಿದುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತು ಮೈಲಿಗಿಂತ ಹೆಚ್ಚು ದೂರ ವಿದ್ಯುತ್ತು ಹರಿಯಿತು. ಅದು ಪರ್ಯಾಯ ವಿದ್ಯುತ್ತು. ಯಂತ್ರಗಳನ್ನು ಒದಗಿಸಿದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಾದರೋ 1892ರಲ್ಲಿ ಎಡಿಸನ್ನನ ಹೆಸರಿನ ಕಂಪೆನಿಯೂ ಮತ್ತೊಂದೂ ಕೂಡಿ ಹುಟ್ಟಿದುದು! ಇಷ್ಟಕ್ಕೆ ನೇರ ವಿದ್ಯುತ್ತು ಶಾಶ್ವತವಾಗಿ ಸೋತಿತೆಂದು ಹೇಳಿದರೆ ಅದೂ ತಪ್ಪು. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಅದೇ ಕೋಲಾರಕ್ಕೆ, ಸುಮಾರು 1,400 ಕಿಲೋಮೀಟರ್ ದೂರ, ಐದು ಲಕ್ಷ ವೋಲ್ಟುಗಳ ಒತ್ತಡದಲ್ಲಿ ವಿದ್ಯುತ್ತು ಬಂದಿತು. ಅದು ನೇರ ವಿದ್ಯುತ್ತು. ಒಂದು ಬಗೆಯನ್ನು ಇನ್ನೊಂದಾಗಿ ಮಾರ್ಪಡಿಸುವ ಹೊಸ ಸಾಧನಗಳು ದೊರೆತ ಮೇಲೆ, ಅತಿದೂರಕ್ಕೆ ನೇರ ವಿದ್ಯುತ್ತೇ ಕಡಮೆ ನಷ್ಟದ್ದೆಂದು ತಿಳಿಯಿತು. ಯಂತ್ರವಿಷಯದಲ್ಲಿ ಸಿದ್ಧಾಂತವೆಂಬುದು 'ಇಂತಹ ಸಾಧನಗಳಿರುವಾಗ, ಇಂತಹ ಕಾರ್ಯಕ್ಕೆ' ಎಂಬ ಉಪಾಧಿಯೊಡನೆಯೇ ಸತ್ಯ. ಉಪಾಧಿಯನ್ನು ಬಿಟ್ಟು ಆಡಿದ ಮಾತು ಎಷ್ಟು ಗಟ್ಟಿಯಾಗಿದ್ದರೂ ಅರ್ಧ ಮಾತೇ.

ಎರಡನೆಯ ನಿದರ್ಶನವು ದುಃಖಕರವಾದುದು. 1986ನೆಯ ಇಸವಿ ಜನವರಿ 27ರ ರಾತ್ರಿ, ಚಾಲೆಂಜರ್ ಎಂಬ ಅಮೆರಿಕದ ಆಕಾಶನೌಕೆಯನ್ನು ಮರುದಿನ ಹಾರಿಸಬಹುದೋ ಎಂದು ದೂರವಾಣಿಯ ಮೂಲಕ ಚರ್ಚೆ ನಡೆಯಿತು. ರೋಜರ್ ಬೋಯ್ಜೊಲಿ ಮೊದಲಾದ ಎಂಜಿನಿಯರುಗಳು, ಚಳಿಯಲ್ಲಿ ರಬ್ಬರಿನ ಉಂಗುರಗಳು ಬಿರುಸಾಗಿ ಸಂದುಗಳನ್ನು ಮುಚ್ಚಲಾರವು, 53 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಮೆ ಉಷ್ಣತೆಯಲ್ಲಿ ಹಾರಿಸಕೂಡದು ಎಂದರು. ಸಾಮಾನ್ಯವಾಗಿ 'ಹಾರಿಸುವುದು ಕ್ಷೇಮ' ಎಂದು ಸಾಧಿಸುವ ಭಾರವು ಹಾರಿಸುವವರ ಮೇಲೆ ಇರತಕ್ಕದ್ದು. ಆ ರಾತ್ರಿ ಅದು ತಲೆಕೆಳಗಾಯಿತು. 'ಹಾರಿಸುವುದು ಅಪಾಯ' ಎಂದು ನಿಸ್ಸಂದೇಹವಾಗಿ ಸಾಧಿಸಿ ತೋರಿಸಬೇಕೆಂದು ಎಂಜಿನಿಯರುಗಳನ್ನೇ ಕೇಳಿದಂತಾಯಿತು. ಅವರಲ್ಲಿದ್ದ ಸಾಕ್ಷ್ಯವು ಅಷ್ಟು ಪೂರ್ಣವಾಗಿರಲಿಲ್ಲ. ಮೇಲಿನವರು ವಾದದಲ್ಲಿ ಗೆದ್ದರು. ಮರುದಿನ ನೌಕೆಯು ಹಾರಿದ 73 ಸೆಕೆಂಡುಗಳಲ್ಲಿ ಚೂರಾಗಿ ಏಳು ಮಂದಿ ಮೃತರಾದರು. ಅವರಲ್ಲಿ ಒಬ್ಬಾಕೆ ಶಾಲೆಯ ಉಪಾಧ್ಯಾಯಿನಿ. ಯಂತ್ರವು ಮಾತನ್ನು ಕೇಳಲಿಲ್ಲವೆಂಬುದು ನಿಜ. ಆದರೆ ಮಾತಿನಲ್ಲಿ ಗೆದ್ದುದರ ಫಲವನ್ನು ಜೀವವಿದ್ದವರು ಉಂಡರು.

ಹಾಗಾದರೆ ಧರ್ಮವಾವುದು? ನಮ್ಮ ವೈದ್ಯರು ಇದನ್ನು ಬಹುಕಾಲದ ಹಿಂದೆಯೇ ವಿಚಾರಿಸಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ವೈದ್ಯನು ವೈದ್ಯನೊಡನೆ ಚರ್ಚಿಸಬೇಕು, ಅದರಿಂದ ಜ್ಞಾನವು ಹೆಚ್ಚುವುದು, ಸಂದೇಹವು ನೀಗುವುದು ಎಂದು ಹೇಳಿದೆ. ಆ ಚರ್ಚೆಯು ಎರಡು ಬಗೆ: ಸ್ನೇಹದಿಂದ ಕೂಡಿ ನಡೆಸುವ ಸಂಧಾಯಸಂಭಾಷೆ, ಹಗೆಯಿಂದ ನಡೆಸುವ ವಿಗೃಹ್ಯಸಂಭಾಷೆ. ಮೊದಲನೆಯದರಲ್ಲಿ ಸೋಲಿಗೆ ಅಂಜಬಾರದು. ಎದುರಿನವನನ್ನು ಸೋಲಿಸಿದೆನೆಂದು ಹಿಗ್ಗಬಾರದು. ಅದನ್ನು ಪರರ ಮುಂದೆ ಕೊಚ್ಚಿಕೊಳ್ಳಬಾರದು. ಒಂದೇ ಅಂತವನ್ನು ಕುರುಡಾಗಿ ಹಿಡಿಯಬಾರದು ಎಂಬುದು ಅದರ ತಾತ್ಪರ್ಯ. ರೋಗಿಯ ಪ್ರಾಣವು ನಡುವೆ ಇರುವಲ್ಲಿ ಗೆಲವು ಸೋಲುಗಳಿಗೆ ಅರ್ಥವಿಲ್ಲವೆಂದು ಆ ಹಿರಿಯರು ಅರಿತಿದ್ದರು. ಯಂತ್ರಗಳ ನಡುವೆ ಬಾಳುವ ನಾವೂ ಇಂದು ಅದೇ ಸ್ಥಿತಿಯಲ್ಲಿರುವೆವು.

ಜಗಲಿಯ ಮೇಲೆ ವಾದಿಸುವ ನಮ್ಮಂಥವರಿಗೆ ಇದಕ್ಕಿಂತ ಕಠಿನವಾದ ಇನ್ನೊಂದು ಮಾತಿದೆ. ಇಂತಹ ವಿಷಯಗಳಲ್ಲಿ ನಮಗೆ ಪ್ರತ್ಯಕ್ಷವಿಲ್ಲ. ಅನುಮಾನಕ್ಕೆ ಬೇಕಾದ ಗಣಿತವೂ ಬಹಳ ಮಂದಿಗಿಲ್ಲ. ಉಳಿಯುವುದು ಶಬ್ದಪ್ರಮಾಣವೊಂದೇ, ಎಂದರೆ ಆಪ್ತನ ಮಾತು. ಆಪ್ತನು ಯಾರು? ವಸ್ತುವನ್ನು ನೇರವಾಗಿ ಅರಿತು, ಅರಿತಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಎಂದು ವಾತ್ಸ್ಯಾಯನರು ಲಕ್ಷಣವನ್ನು ಹೇಳಿ, ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದು ಸಮಾನವೆಂದಿದ್ದಾರೆ. ವಯಸ್ಸು, ನರೆ, ಸಭೆಯ ಮೊದಲನೆಯ ಪೀಠ, ಇವಾವುವೂ ಆ ಲಕ್ಷಣದಲ್ಲಿ ಸೇರಿಲ್ಲ. ಆ ಸಂಜೆ ನಮ್ಮ ವಾಚನಾಲಯದಲ್ಲಿದ್ದ ಆಪ್ತನು ಬೆಂಚಿನ ತುದಿಯಲ್ಲಿದ್ದನು. ಸಭೆಯು ನನ್ನ ಮುಖವನ್ನು ನೋಡುತ್ತಿದ್ದಿತು.

ಹಾಗೆಂದು ಎಲ್ಲ ಬಿರುಸಾದ ಮಾತನ್ನೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಮೊಳಕೆಯನ್ನು ಕಾಯುವುದಕ್ಕೆ ಮುಳ್ಳಿನ ಬೇಲಿಯಿರುವಂತೆ ತತ್ತ್ವನಿಶ್ಚಯವನ್ನು ಕಾಯುವುದಕ್ಕೆ ಜಲ್ಪವಿತಂಡಗಳಿರುವುವೆಂದು ಗೌತಮರೇ ಒಪ್ಪಿದ್ದಾರೆ. ಸುಳ್ಳನ್ನು ಮಾರಲು ಬಂದವನ ಎದುರಿಗೆ ಬೇಲಿ ಬೇಕು. ನಾನಾದರೋ ಬೇಲಿಯ ಮುಳ್ಳನ್ನು ಮೊಳಕೆಯ ಮೇಲೆಯೇ ಹಾಕಿದೆನು.

ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮವು ಚಂದ್ರನ ಮೇಲೆ ಇಳಿಯಿತು. ವಾಚನಾಲಯದಲ್ಲಿ ಸಿಹಿ ಹಂಚಿದರು. ಎಲ್ಲರೂ ಸೇರಿದ್ದ ಆ ಹೊತ್ತಿನಲ್ಲಿ ನಾನು ಎದ್ದು, ಹಲಗೆಯ ಮೇಲೆ ಐದನ್ನೂ ಇಪ್ಪತ್ತೊಂದನ್ನೂ ಬರೆದು ತೋರಿಸಿ, ಹುಡುಗನು ಹೇಳಿದುದೇ ಸರಿ, ನಾನು ಆಡಿದುದು ತಪ್ಪು ಎಂದು ಹೇಳಿದೆನು. ಸಭೆಯಲ್ಲಿ ಮಾಡಿದ ಅವಮಾನವನ್ನು ಸಭೆಯಲ್ಲಿಯೇ ತೀರಿಸಬೇಕಲ್ಲವೆ? ಕೆಲವರು ಅದನ್ನು ನನ್ನ ದೊಡ್ಡತನವೆಂದರು. ಕೇಳಬೇಕಾಗಿದ್ದವನು ಮಾತ್ರ ಅಲ್ಲಿರಲಿಲ್ಲ. ನಾನು ನಕ್ಕ ಸಂಜೆಯ ಮೇಲೆ ಅವನು ವಾಚನಾಲಯಕ್ಕೆ ಬಂದಿರಲಿಲ್ಲ. ಅವರ ಮನೆಗೆ ಹೋಗಿ ಹೇಳಿ ಬಂದೆನು. "ಪರವಾಗಿಲ್ಲ ಮೇಷ್ಟ್ರೇ" ಎಂದು ಮೃದುವಾಗಿಯೇ ಹೇಳಿದನು. ಆದರೆ ಓದಿಗಾಗಿ ಬೇರೆ ಊರಿಗೆ ಹೊರಡುವವರೆಗೂ ಅವನು ಮತ್ತೆ ನಮ್ಮ ಬೆಂಚಿನ ಮೇಲೆ ಕುಳಿತುದನ್ನು ನಾನು ಕಾಣೆನು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮನೆಯಲ್ಲಾಗಲಿ ಸಭೆಯಲ್ಲಾಗಲಿ ಇಂತಹ ಮಾತು ಬಂದಾಗ, ಬಾಯಿ ತೆರೆಯುವ ಮುನ್ನ ನಮ್ಮನ್ನು ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದು ನನಗೆ ಯಾವ ಪ್ರಮಾಣದಿಂದ ತಿಳಿಯಿತು? ಸಾಧಿಸುವ ಭಾರವು ಯಾರ ಮೇಲಿದೆ? ನನ್ನ ಮಾತು ತಪ್ಪೆಂದು ತೋರಿದರೆ, ಇದೇ ಜನರ ಮುಂದೆ ಒಪ್ಪಿಕೊಳ್ಳುವೆನೆ? ಮೂರನೆಯದಕ್ಕೆ ಹೌದೆಂದು ಹೇಳಲಾರದವನು ಮೊದಲೆರಡಕ್ಕೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೂ ವಾದಕ್ಕೆ ಅಧಿಕಾರಿಯಲ್ಲವೆಂದು, ತಡವಾಗಿ ಕಲಿತ ಒಬ್ಬ ಉಪಾಧ್ಯಾಯನು ಭಾವಿಸುತ್ತಾನೆ.