ಪೂರ್ತಿಯಾಗದ ಭಾಷೆಯೊಂದನ್ನು ಹಂಚುವ ಹೊಣೆ

ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ಎರಡು ಕಡೆ ನೆಲೆಯಿರುತ್ತದೆ. ಒಂದು, ಆ ಭಾಷೆಯಲ್ಲಿ ಯಾವ ವಾಕ್ಯ ಸಲ್ಲುತ್ತದೆ, ಸಲ್ಲುವ ವಾಕ್ಯದ ಅರ್ಥವೇನು ಎಂಬುದನ್ನು ನಿರೂಪಿಸುವ ಲಿಖಿತ ವ್ಯಾಖ್ಯಾನ. ಇನ್ನೊಂದು, ಆ ವಾಕ್ಯಗಳನ್ನು ಓದಿ ಯಂತ್ರ ನಡೆಸಬಲ್ಲ ಆದೇಶಗಳಾಗಿ ಮಾರ್ಪಡಿಸುವ ಕಂಪೈಲರ್ ಎಂಬ ತಂತ್ರಾಂಶ. ಬಹುಕಾಲ ಬಳಕೆಯಲ್ಲಿರುವ ಭಾಷೆಗಳಲ್ಲಿ ಇವೆರಡೂ ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ. ಪ್ರಯೋಗದ ಹಂತದಲ್ಲಿರುವ ಭಾಷೆಯ ಸ್ಥಿತಿ ಬೇರೆ: ವ್ಯಾಖ್ಯಾನ ಹೇಳಿದ್ದನ್ನು ಕಂಪೈಲರ್ ಮಾಡದೆ ಬಿಟ್ಟಿರಬಹುದು, ಕಂಪೈಲರ್ ಮಾಡುವುದನ್ನು ವ್ಯಾಖ್ಯಾನ ಎಲ್ಲಿಯೂ ಹೇಳದಿರಬಹುದು, ಎರಡರಲ್ಲಿಯೂ ಉತ್ತರವಿಲ್ಲದ ಪ್ರಶ್ನೆಗಳೂ ಉಳಿದಿರಬಹುದು. ಇಂಥ ಕಂಪೈಲರನ್ನು ಅದರ ಕರ್ತೃ ವಿಶ್ವವಿದ್ಯಾಲಯಗಳಿಗೆ ಹಂಚಿದಾಗ ನಿಜವಾಗಿ ಏನನ್ನು ಹಂಚಿದಂತಾಯಿತು, ಪಡೆದವರಿಗೆ ಅದರ ಮೇಲೆ ಯಾವ ಹಕ್ಕು ಬಂದಿತು, ಕೊಟ್ಟವರ ಮೇಲೆ ಯಾವ ಹೊಣೆ ಉಳಿಯಿತು ಎಂಬ ಪ್ರಶ್ನೆಗಳು ತಾಂತ್ರಿಕವಾಗಿರುವಷ್ಟೇ ನೈತಿಕವೂ ಆಗಿವೆ.

ಇವನ್ನು ಪರಿಶೀಲಿಸುವುದಕ್ಕೆ ಪ್ಯಾಸ್ಕಲ್ ಭಾಷೆಯ ಇತಿಹಾಸದಲ್ಲಿ ಹೇರಳವಾದ ಸಾಮಗ್ರಿಯಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಿಕ್ಲಾಸ್ ವಿರ್ತ್ (1934–2024) ರೂಪಿಸಿದ ಈ ಭಾಷೆಯ ಮೊದಲ ಕಂಪೈಲರ್ 1970ರಲ್ಲಿ ಸಿಡಿಸಿ 6000 ಶ್ರೇಣಿಯ ಯಂತ್ರದ ಮೇಲೆ ಕೆಲಸ ಮಾಡತೊಡಗಿತು. ಅದಕ್ಕೂ ಮುನ್ನ ಫೋರ್ಟ್ರಾನ್ ಭಾಷೆಯಲ್ಲಿ ಕಂಪೈಲರ್ ಬರೆಯುವ ಯತ್ನವೊಂದು ನಡೆದಿತ್ತು. ಪ್ಯಾಸ್ಕಲ್ಲಿಗೆ ಸಹಜವಾದ ದತ್ತಾಂಶ ರಚನೆಗಳನ್ನಾಗಲಿ, ತನ್ನನ್ನು ತಾನೇ ಕರೆದುಕೊಳ್ಳುವ ಪ್ರೊಸೀಜರುಗಳನ್ನಾಗಲಿ ಫೋರ್ಟ್ರಾನ್ ಹಿಡಿದಿಡಲಾರದ್ದರಿಂದ ಅದನ್ನು ಕೈಬಿಡಬೇಕಾಯಿತು. ಎರಡನೆಯ ಸಲ ಕಂಪೈಲರನ್ನು ಪ್ಯಾಸ್ಕಲ್ಲಿನಲ್ಲಿಯೇ ಬರೆದು, ಆ ಬರಹವನ್ನು ಒಮ್ಮೆ ಮಾತ್ರ ಕೈಯಿಂದ ಕೆಳಮಟ್ಟದ ಭಾಷೆಯೊಂದಕ್ಕೆ ಅನುವಾದಿಸಿ, ಹಾಗೆ ದೊರೆತ ಉಪಕರಣದಿಂದ ಮೂಲ ಬರಹವನ್ನೇ ಮತ್ತೆ ಯಂತ್ರಭಾಷೆಗೆ ತರುವ ಕ್ರಮವನ್ನು ಅನುಸರಿಸಲಾಯಿತು. ಬೂಟ್‌ಸ್ಟ್ರ್ಯಾಪಿಂಗ್ ಎಂದು ಕರೆಯುವ ಈ ಕ್ರಮಕ್ಕೆ ತಾಂತ್ರಿಕ ಅನುಕೂಲಕ್ಕಿಂತ ದೊಡ್ಡದಾದ ಒಂದು ಫಲವಿದೆ. ತನ್ನದೇ ಭಾಷೆಯಲ್ಲಿ ಬರೆದ ಕಂಪೈಲರ್ ಆ ಭಾಷೆಯ ಮೊದಲ ದೀರ್ಘ ಗ್ರಂಥವೂ ಆಗಿರುತ್ತದೆ. ಅದನ್ನು ಪಡೆದವನು ಉಪಕರಣವನ್ನೂ, ಆ ಭಾಷೆಯಲ್ಲಿ ದೊಡ್ಡ ಕೆಲಸವೊಂದನ್ನು ಹೇಗೆ ಆಲೋಚಿಸಬೇಕೆಂಬ ಪಾಠವನ್ನೂ ಒಟ್ಟಿಗೆ ಪಡೆಯುತ್ತಾನೆ.

ಜ್ಯೂರಿಕ್ಕಿನ ಯಂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಇರಲಿಲ್ಲ. ಕಂಪೈಲರ್ ಉತ್ಪಾದಿಸುತ್ತಿದ್ದ ಆದೇಶಗಳು ಆ ಯಂತ್ರಕ್ಕಷ್ಟೇ ಅರ್ಥವಾಗುವಂಥವು; ಯಂತ್ರದ 60 ಬಿಟ್ಟಿನ ಪದದ ಅಳತೆ ಭಾಷೆಯೊಳಗೂ ನುಸುಳಿ, ಪ್ಯಾಸ್ಕಲ್ಲಿನ ‘ಗಣ’ ಎಂಬ ದತ್ತಾಂಶದಲ್ಲಿ ಇಷ್ಟೇ ಸದಸ್ಯರು ಇರಬಹುದೆಂಬ ಮಿತಿಯನ್ನು ಹೇರಿತ್ತು. ಈ ತೊಡಕನ್ನು ನೀಗಿಸಲು ಇಟಿಎಚ್ ತಂಡ 1973ರಿಂದ 1976ರ ನಡುವೆ ಪ್ಯಾಸ್ಕಲ್-ಪಿ ಎಂಬ ಕಿಟ್ಟಿನ ಹಲವು ಆವೃತ್ತಿಗಳನ್ನು ಸಿದ್ಧಪಡಿಸಿತು. ಅದರ ಅನುಷ್ಠಾನ ಟಿಪ್ಪಣಿಗಳ ಕರ್ತೃಗಳಲ್ಲಿ ಉರ್ಸ್ ಅಮ್ಮಾನ್, ಕ್ಯಾಥ್ಲೀನ್ ಜೆನ್ಸೆನ್ ಮೊದಲಾದವರ ಜೊತೆಗೆ ಭಾರತೀಯ ಗಣಕವಿಜ್ಞಾನಿ ಕೇಶವ ನೋರಿ ಅವರ ಹೆಸರಿದೆ ಎಂಬುದನ್ನು ನಮ್ಮ ದೇಶದ ಗಣಕ ವಿಜ್ಞಾನದ ಪಾಠಗಳಲ್ಲಿ ಇನ್ನಷ್ಟು ಸ್ಪಷ್ಟವಾಗಿ ನೆನೆಯಬೇಕಾಗಿದೆ. ಕಿಟ್ಟಿನಲ್ಲಿ ಮೂರು ಸಂಗತಿಗಳಿದ್ದವು: ಪ್ಯಾಸ್ಕಲ್ಲಿನಲ್ಲಿ ಬರೆದ, ಸುಮಾರು 4 ಸಾವಿರ ಸಾಲಿನ ಕಂಪೈಲರಿನ ಮೂಲ ಬರಹ, ಅದೇ ಕಂಪೈಲರ್ ಕಾಲ್ಪನಿಕ ಯಂತ್ರವೊಂದರ ಪಿ-ಕೋಡ್ ಎಂಬ ಆದೇಶಗಳಾಗಿ ಅನುವಾದಗೊಂಡ ರೂಪ, ಆ ಕಾಲ್ಪನಿಕ ಯಂತ್ರ ಹೇಗೆ ನಡೆಯಬೇಕೆಂದು ತೋರಿಸುವ ಇಂಟರ್‌ಪ್ರಿಟರಿನ ಮಾದರಿ. ಇಂಟರ್‌ಪ್ರಿಟರ್ ಎಂದರೆ ಆದೇಶಗಳನ್ನು ಒಂದೊಂದಾಗಿ ಓದಿ ಆಗಿಂದಾಗ್ಗೆ ನೆರವೇರಿಸುವ ಚಿಕ್ಕ ತಂತ್ರಾಂಶ. ಪಡೆದವರು ತಮ್ಮ ಯಂತ್ರಕ್ಕೆ ಹೊಂದುವ ಇಂಟರ್‌ಪ್ರಿಟರನ್ನು ತಾವೇ ಬರೆದರೆ ಕಂಪೈಲರ್ ನಡೆಯತೊಡಗುತ್ತಿತ್ತು. ಬಳಿಕ ಮೂಲ ಬರಹವನ್ನು ತಿದ್ದಿ, ಪಿ-ಕೋಡಿಗೆ ಬದಲಾಗಿ ತಮ್ಮ ಯಂತ್ರದ ಆದೇಶಗಳನ್ನೇ ಉತ್ಪಾದಿಸುವಂತೆ ಮಾಡಿಕೊಳ್ಳಬಹುದಾಗಿತ್ತು.

ಈ ಏರ್ಪಾಟಿನಲ್ಲಿ ಅಡಗಿರುವ ಬೌದ್ಧಿಕ ಶಿಸ್ತು ಗಮನಾರ್ಹವಾದುದು. ಕಿಟ್ಟನ್ನು ಪಡೆದವರು ಅದನ್ನು ನಡೆಸಬೇಕಾದರೆ ಅದರ ಒಂದು ಭಾಗವನ್ನು ತಾವೇ ಕಟ್ಟಬೇಕಾಗಿತ್ತು, ಕಟ್ಟಬೇಕಾದರೆ ಅದನ್ನು ಓದಬೇಕಾಗಿತ್ತು. ಹೀಗಾಗಿ ಕಂಪೈಲರ್ ಕೆಲಸ ಮಾಡತೊಡಗುವ ಹೊತ್ತಿಗೆ ಆ ವಿಭಾಗದಲ್ಲಿ ಅದರ ಒಳಗನ್ನು ಬಲ್ಲ ಒಬ್ಬಿಬ್ಬರಾದರೂ ತಯಾರಾಗಿರುತ್ತಿದ್ದರು. ವಿಜ್ಞಾನದಲ್ಲಿ ಪ್ರಯೋಗವೊಂದು ಪ್ರಯೋಗವೆನಿಸಿಕೊಳ್ಳುವುದು ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡಬಲ್ಲರಾದರೆ ಮಾತ್ರ. ಈ ಕಟ್ಟಳೆಯನ್ನು ಕಂಪೈಲರಿಗೂ ಅನ್ವಯಿಸಬೇಕು: ಪ್ರಾಯೋಗಿಕ ಕಂಪೈಲರ್ ಮರಳಿ ಕಟ್ಟಬಲ್ಲವನಿಗೆ ಪ್ರಯೋಗ, ಬರಿದೆ ಬಳಸುವವನಿಗೆ ಗಂಡಾಂತರ. ಮೂಲ ಬರಹವಿಲ್ಲದೆ ಯಂತ್ರಭಾಷೆಯ ರೂಪವನ್ನಷ್ಟೇ ಕೊಟ್ಟು ‘ಬಳಸಿ ನೋಡಿ, ದೋಷ ಕಂಡರೆ ತಿಳಿಸಿ’ ಎನ್ನುವ ಕರ್ತೃ ತನ್ನ ಸಂಶೋಧನೆಯ ಪರೀಕ್ಷೆಯನ್ನು ಪರರ ವಿದ್ಯಾರ್ಥಿಗಳ ಮೇಲೆ ನಡೆಸುತ್ತಾನೆ. ಅದರಿಂದ ಹುಟ್ಟುವ ಅರಿವು ಮಾತ್ರ ಅವನ ಬಳಿಯೇ ಉಳಿಯುತ್ತದೆ.

ಈ ವಾದಕ್ಕೆ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಉದಾಹರಣೆ ಬಲ ಕೊಡುತ್ತದೆ. ಪಿ ಕಿಟ್ ಬರುವುದಕ್ಕೂ ಮೊದಲೇ, 1972ರ ಸುಮಾರಿಗೆ, ಅಲ್ಲಿನ ಜಿಮ್ ವೆಲ್ಷ್ ಮತ್ತು ಕ್ವಿನ್ ಜ್ಯೂರಿಕ್ ಕಂಪೈಲರನ್ನು ಆಧರಿಸಿ ಐಸಿಎಲ್ 1900 ಯಂತ್ರಕ್ಕೆ ಪ್ಯಾಸ್ಕಲ್ ಕಂಪೈಲರ್ ಕಟ್ಟಿದ್ದರು. ಅದೇ ವೆಲ್ಷ್ 1977ರಲ್ಲಿ ಸ್ನೀರಿಂಗರ್ ಮತ್ತು ಟೋನಿ ಹೋರ್ ಅವರೊಡನೆ ಪ್ಯಾಸ್ಕಲ್ಲಿನ ಅಸ್ಪಷ್ಟತೆಗಳನ್ನೂ ಅಭದ್ರತೆಗಳನ್ನೂ ಕುರಿತು ಬರೆದ ಪ್ರಬಂಧ ಆ ಭಾಷೆಯ ವಿಮರ್ಶೆಗಳಲ್ಲಿ ಅತ್ಯಂತ ಸೂಕ್ಷ್ಮವಾದವುಗಳಲ್ಲಿ ಒಂದು. ಎರಡು ಚರಗಳು ಒಂದೇ ಬಗೆಯವು ಎಂದು ಯಾವಾಗ ಹೇಳಬೇಕು, ಅವುಗಳ ಬಗೆಗೆ ಕೊಟ್ಟ ಹೆಸರು ಒಂದೇ ಆಗಿರಬೇಕೇ ಅಥವಾ ಒಳರಚನೆ ಒಂದೇ ಆಗಿದ್ದರೆ ಸಾಕೇ ಎಂಬ ಮೂಲಭೂತ ಪ್ರಶ್ನೆಗೆ ವ್ಯಾಖ್ಯಾನದಲ್ಲಿ ಖಚಿತವಾದ ಉತ್ತರವಿರಲಿಲ್ಲ. ವ್ಯಾಖ್ಯಾನವನ್ನು ಓದುವವನಿಗೆ ಈ ಬಿರುಕು ಸುಲಭವಾಗಿ ಕಾಣಿಸದು. ಕಂಪೈಲರ್ ಬರೆಯುವವನು ಮಾತ್ರ ಅಲ್ಲಿ ನಿಂತು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ. ಭಾಷೆಯನ್ನು ಕಟ್ಟಿ ನೋಡಿದವರೇ ಅದರ ಉತ್ತಮ ವಿಮರ್ಶಕರಾದದ್ದು ಆಕಸ್ಮಿಕವಲ್ಲ, ಅದು ಹಂಚಿಕೆಯ ಸ್ವರೂಪದಿಂದಲೇ ಒದಗಿದ ಫಲ.

ಇಷ್ಟಕ್ಕೇ ನಿಂತರೆ ವಿಷಯದ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ರಸಾಯನಶಾಸ್ತ್ರದ ಪ್ರಯೋಗವನ್ನು ನೂರು ಕಡೆ ಮಾಡಿದರೂ ಲವಣದ ಗುಣ ಬದಲಾಗುವುದಿಲ್ಲ, ಆದರೆ ಕಂಪೈಲರನ್ನು ನೂರು ಕಡೆ ಮರಳಿ ಕಟ್ಟಿದರೆ ಭಾಷೆಯೇ ಬದಲಾಗಬಹುದು. ಪಿ ಕಂಪೈಲರ್ ಪೂರ್ಣ ಪ್ಯಾಸ್ಕಲ್ಲನ್ನು ಅನುವಾದಿಸುತ್ತಿರಲಿಲ್ಲ. ಅದು ತನ್ನನ್ನು ತಾನೇ ಅನುವಾದಿಸಿಕೊಳ್ಳುವಷ್ಟು ಸಮರ್ಥವಾಗಿದ್ದರೆ ಸಾಕು, ಉಳಿದುದನ್ನು ಪಡೆದವರು ತುಂಬಿಕೊಳ್ಳುತ್ತಾರೆ ಎಂಬ ಎಣಿಕೆಯಿಂದ, ಒಂದು ಪ್ರೊಸೀಜರನ್ನು ಇನ್ನೊಂದಕ್ಕೆ ನಿಯತಾಂಕವಾಗಿ ಕಳಿಸುವ ಸೌಲಭ್ಯ, ಪ್ರೊಸೀಜರಿನ ಹೊರಗೆ ನೇರವಾಗಿ ಜಿಗಿಯುವ ಆದೇಶ, ಬಳಕೆದಾರ ತಾನೇ ಘೋಷಿಸುವ ಕಡತಗಳು ಮೊದಲಾದವನ್ನು ಬಿಟ್ಟಿತ್ತು. ಎಣಿಕೆಯಂತೆ ಎಲ್ಲ ಕಡೆಯೂ ನಡೆಯಲಿಲ್ಲ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬೌಲ್ಸ್ ಮತ್ತು ಅವರ ವಿದ್ಯಾರ್ಥಿಗಳು ಈ ಕಿಟ್ಟನ್ನೇ ಬುನಾದಿಯಾಗಿ ಇಟ್ಟುಕೊಂಡು, ಆಗತಾನೆ ಹುಟ್ಟುತ್ತಿದ್ದ ಮೈಕ್ರೋಕಂಪ್ಯೂಟರುಗಳ ಮೇಲೆ ನಡೆಯುವ ಯುಸಿಎಸ್‌ಡಿ ಪ್ಯಾಸ್ಕಲ್ಲನ್ನು ಕಟ್ಟಿದರು. 1979ರಲ್ಲಿ ಅದು ಆಪಲ್ ಯಂತ್ರಕ್ಕೂ ಬಂದಿತು. ಪ್ಯಾಸ್ಕಲ್ಲಿಗೆ ವ್ಯಾಪಕ ಮನ್ನಣೆ ದೊರೆತದ್ದೂ ಇದರ ನಂತರವೇ. ಆದರೆ ಪಿ ಕಿಟ್ ತಾತ್ಕಾಲಿಕವಾಗಿ ಬಿಟ್ಟಿದ್ದ ಪ್ರೊಸೀಜರ್ ನಿಯತಾಂಕಗಳು ಯುಸಿಎಸ್‌ಡಿ ಪ್ಯಾಸ್ಕಲ್ಲಿನಲ್ಲಿಯೂ ಇರಲಿಲ್ಲ; ಅದರಿಂದ ಹಲವು ಅಂಶಗಳನ್ನು ಪಡೆದು 1983ರಲ್ಲಿ ಮಾರುಕಟ್ಟೆಗೆ ಬಂದ ಟರ್ಬೊ ಪ್ಯಾಸ್ಕಲ್ಲಿನ ಮೊದಲ ಆವೃತ್ತಿಗಳಲ್ಲಿಯೂ ಇರಲಿಲ್ಲ. ಅದೇ 1983ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕ ಐಎಸ್ಒ 7185 ಆ ಸೌಲಭ್ಯವನ್ನು ಭಾಷೆಯ ಅಂಗವೆಂದೇ ಪರಿಗಣಿಸಿತ್ತು. ಕೆಲಸ ಬೇಗ ಮುಗಿಸಲು ಜ್ಯೂರಿಕ್ಕಿನಲ್ಲಿ ಕೈಗೊಂಡ ಒಂದು ತೀರ್ಮಾನ, ಹತ್ತು ವರ್ಷ ಕಳೆಯುವಷ್ಟರಲ್ಲಿ, ಅಸಂಖ್ಯಾತ ಕಲಿಯುವವರ ಪಾಲಿಗೆ ಭಾಷೆಯ ಸ್ವಭಾವವೇ ಆಗಿಬಿಟ್ಟಿತ್ತು.

ಇದನ್ನು ಕಂಡು ಭಾಷೆಯ ಒಡೆತನವೆಲ್ಲ ಕರ್ತೃವಿನ ಕೈಯಲ್ಲಿಯೇ ಇರಬೇಕಾಗಿತ್ತು ಎಂದು ವಾದಿಸುವುದು ಸರಿಯಾಗದು. ಸ್ಯಾನ್ ಡಿಯಾಗೋದವರು ಕೇವಲ ಕೊರತೆಯನ್ನು ಮುಂದುವರಿಸಲಿಲ್ಲ. ಮೂಲ ಪ್ಯಾಸ್ಕಲ್ಲಿನಲ್ಲಿ ತೀರ ಬಡವಾಗಿದ್ದ ಅಕ್ಷರಮಾಲೆಗಳ ನಿರ್ವಹಣೆಯನ್ನು ಸುಧಾರಿಸಿದರು, ದೊಡ್ಡ ತಂತ್ರಾಂಶವನ್ನು ಪ್ರತ್ಯೇಕವಾಗಿ ಕಂಪೈಲ್ ಮಾಡಬಹುದಾದ ಘಟಕಗಳಾಗಿ ಒಡೆಯುವ ದಾರಿಯನ್ನು ತೆರೆದರು. 1981ರಲ್ಲಿ ಬ್ರಯಾನ್ ಕರ್ನಿಘನ್ ಪ್ಯಾಸ್ಕಲ್ಲಿನ ಮೇಲೆ ಬರೆದ ಪ್ರಸಿದ್ಧ ಆಕ್ಷೇಪದಲ್ಲಿ ಎತ್ತಿದ ಕೊರತೆಗಳಲ್ಲಿ ಇವೂ ಸೇರಿದ್ದವು. ಕರ್ತೃ ಕಾಣದ ಅಗತ್ಯವನ್ನು ಬಳಸುವವರು ಕಾಣುತ್ತಾರೆ, ಕಂಡಾಗ ಅದನ್ನು ಪೂರೈಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿರಬೇಕು. ಬೇಕಾದದ್ದು ಇನ್ನೊಂದು: ತಮ್ಮ ಕೈಯಲ್ಲಿರುವುದು ಭಾಷೆಯೋ ಅದರ ಒಂದು ಉಪಭಾಷೆಯೋ ಎಂಬುದು ಪ್ರತಿಯೊಬ್ಬ ಬಳಕೆದಾರನಿಗೂ ತಿಳಿದಿರಬೇಕು.

ಮೂಲ ಬರಹ ಕೈಗೆ ಬಂದರೂ ಓದುವ ಹಕ್ಕು ಬಾರದಿರಬಹುದು ಎಂಬುದಕ್ಕೆ ಯುನಿಕ್ಸ್ ಸಾಕ್ಷಿ. ಬೆಲ್ ಪ್ರಯೋಗಾಲಯದ ಆ ಕಾರ್ಯಾಚರಣ ವ್ಯವಸ್ಥೆಯನ್ನೂ ಅದರೊಡನೆ ಸಿ ಕಂಪೈಲರನ್ನೂ 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲ ಬರಹದ ಸಮೇತ ಕೊಡಲಾಗುತ್ತಿತ್ತು. 1979ರ ಏಳನೆಯ ಆವೃತ್ತಿಯ ಪರವಾನಗಿ ಅದನ್ನು ತರಗತಿಯಲ್ಲಿ ಪಾಠವಾಗಿ ಓದಿಸುವುದನ್ನು ನಿಷೇಧಿಸಿತು. ವಿಶ್ವವಿದ್ಯಾಲಯಕ್ಕೆ ಕೊಟ್ಟು, ಕಲಿಸಬಾರದೆಂದು ಹೇಳುವುದು ಕೊಡದಿರುವುದಕ್ಕಿಂತ ಹೆಚ್ಚು ಹಾನಿಕರ. ಆಂಡ್ರ್ಯೂ ಟೆನೆನ್‌ಬಾಮ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಇನ್ನೊಂದು ಕಡೆ, ಅದೇ ಪ್ರಯೋಗಾಲಯದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಉಪನ್ಯಾಸದಲ್ಲಿ, ತನ್ನನ್ನು ತಾನೇ ಅನುವಾದಿಸಿಕೊಳ್ಳುವ ಕಂಪೈಲರಿನ ಯಂತ್ರರೂಪದಲ್ಲಿ ಮೋಸವನ್ನು ಅಡಗಿಸಿ, ಮೂಲ ಬರಹದಲ್ಲಿ ಅದರ ಸುಳಿವೇ ಇಲ್ಲದಂತೆ ತಲೆಮಾರಿನಿಂದ ತಲೆಮಾರಿಗೆ ಸಾಗಿಸಬಹುದೆಂದು ತೋರಿಸಿದರು. ಹಾಗಾದರೆ ಮೂಲ ಬರಹವನ್ನು ಓದುವುದೂ ಕೊನೆಯ ಭರವಸೆಯಲ್ಲ. ಬೇರೊಬ್ಬರು ಸ್ವತಂತ್ರವಾಗಿ ಕಟ್ಟಿದ ಮತ್ತೊಂದು ಕಂಪೈಲರ್ ಇದ್ದಾಗಲೇ ಒಂದರಿಂದ ಇನ್ನೊಂದನ್ನು ಪರೀಕ್ಷಿಸಲು ಸಾಧ್ಯ, ಮತ್ತು ಅಂಥದನ್ನು ಕಟ್ಟುವ ಬಿಡುವೂ ಕುತೂಹಲವೂ ವಿಶ್ವವಿದ್ಯಾಲಯದಲ್ಲಿ ಇರುವಷ್ಟು ಬೇರೆಡೆ ಇರುವುದು ಅಪರೂಪ.

ಈ ಎಲ್ಲದರ ನಡುವೆ ಹೆಚ್ಚು ಅಸಹಾಯಕನಾಗಿರುವವನು ಮೊದಲ ವರ್ಷದ ವಿದ್ಯಾರ್ಥಿ. ವಿರ್ತ್ 1971ರ ಹೊತ್ತಿಗೇ ಪ್ಯಾಸ್ಕಲ್ಲನ್ನು ಆರಂಭಿಕ ತರಗತಿಗಳಿಗೆ ತಂದರು. ಉದ್ಯಮದಲ್ಲೆಲ್ಲ ಫೋರ್ಟ್ರಾನ್ ಆಳುತ್ತಿದ್ದ ಕಾಲದಲ್ಲಿ ಅದು ದಿಟ್ಟ ನಿರ್ಧಾರವೇ ಸರಿ. ಮುಂದೆ ಉಪಯೋಗಕ್ಕೆ ಬಾರದ ಭಾಷೆಯನ್ನು ಏಕೆ ಕಲಿಸಬೇಕು ಎಂಬ ಆಕ್ಷೇಪಕ್ಕೆ, ಕಲಿಸುತ್ತಿರುವುದು ವಿಚಾರವನ್ನು ಕ್ರಮವಾಗಿ ಜೋಡಿಸುವ ವಿಧಾನವನ್ನು ಎಂಬ ಉತ್ತರ ಸಾಕಾಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದುದು. ಪ್ರೋಗ್ರಾಮಿಂಗ್ ಕಲಿಯುವವನು ಮೊದಲು ಅರಿಯಬೇಕಾದದ್ದು, ಯಂತ್ರ ತನ್ನ ಇಷ್ಟಾನಿಷ್ಟಗಳನ್ನು ಊಹಿಸದು, ತಪ್ಪು ನಡೆದರೆ ಅದು ಬರೆದವನದು ಎಂಬ ವಿನಯವನ್ನು. ಪ್ರಾಯೋಗಿಕ ಕಂಪೈಲರಿನ ಮುಂದೆ ಈ ಪಾಠ ಕದಡಿಹೋಗುತ್ತದೆ. ಅವನ ವಾಕ್ಯ ತಿರಸ್ಕೃತವಾದಾಗ ತಪ್ಪು ಅವನದಿರಬಹುದು, ಕಂಪೈಲರಿನದಿರಬಹುದು, ಭಾಷೆಯೇ ಇನ್ನೂ ತೀರ್ಮಾನಿಸದ ವಿಷಯವಿರಬಹುದು. ಈ ಮೂರನ್ನು ಬೇರ್ಪಡಿಸುವ ಸಾಮರ್ಥ್ಯ ಅವನಿಗಿಲ್ಲ. ತನ್ನ ತಪ್ಪಲ್ಲದ್ದನ್ನು ತನ್ನದೆಂದು ನಂಬುವ ವಿದ್ಯಾರ್ಥಿ ಧೈರ್ಯಗೆಡುತ್ತಾನೆ, ತನ್ನದೇ ತಪ್ಪನ್ನು ಉಪಕರಣದ ಮೇಲೆ ಹೊರಿಸಲು ಕಲಿತವನು ಶಿಸ್ತನ್ನು ಕಳೆದುಕೊಳ್ಳುತ್ತಾನೆ. ಕಂಪೈಲರನ್ನು ಬಿಚ್ಚಿ ನೋಡಬಲ್ಲ ಅಧ್ಯಾಪಕ ತರಗತಿಯಲ್ಲಿದ್ದರೆ ಈ ಗೊಂದಲವೇ ಉತ್ತಮ ಪಾಠವಾಗಬಲ್ಲದು, ಇಲ್ಲದಿದ್ದರೆ ಅದು ಅನ್ಯಾಯ.

ಆದ್ದರಿಂದ ಹಂಚುವವನ ಹೊಣೆ ಮೂಲ ಬರಹವನ್ನು ಕೊಡುವುದರೊಂದಿಗೆ ಮುಗಿಯುವುದಿಲ್ಲ. ಏನನ್ನು ಬಿಡಲಾಗಿದೆ ಎಂಬ ಪಟ್ಟಿಯನ್ನು ಟಿಪ್ಪಣಿಗಳಲ್ಲಿ ಬರೆದರೂ ಸಾಲದು, ಏಕೆಂದರೆ ಕಂಪೈಲರ್ ಕೈಯಿಂದ ಕೈಗೆ ದಾಟುವಾಗ ಟಿಪ್ಪಣಿಗಳು ಹಿಂದುಳಿಯುತ್ತವೆ. ‘ಇದು ಭಾಷೆಯಲ್ಲಿ ಇಲ್ಲ’ ಎಂಬುದನ್ನೂ ‘ಇದು ಭಾಷೆಯಲ್ಲಿದೆ, ಈ ಕಂಪೈಲರಿನಲ್ಲಿ ಇಲ್ಲ’ ಎಂಬುದನ್ನೂ ಕಂಪೈಲರೇ ಬಳಕೆದಾರನಿಗೆ ಬೇರೆಬೇರೆಯಾಗಿ ಹೇಳಬೇಕು. ಪ್ಯಾಸ್ಕಲ್ಲಿನ ದೋಷಸಂಖ್ಯೆಗಳ ಪಟ್ಟಿಯಲ್ಲಿ ಈ ವಿವೇಕದ ಆರಂಭವಿತ್ತು: 398ನೆಯ ಸಂಖ್ಯೆಯ ಅರ್ಥ ‘ಅನುಷ್ಠಾನದ ಮಿತಿ’. ಬರಿಯ ಸಂಖ್ಯೆಯಾಗಿ, ಯಾವ ಮಿತಿ, ಏಕೆ ಎಂಬ ವಿವರವಿಲ್ಲದೆ ಕಾಣಿಸಿಕೊಳ್ಳುತ್ತಿದ್ದ ಆ ಸಂದೇಶವನ್ನು ಪೂರ್ಣ ವಾಕ್ಯವಾಗಿ ಬೆಳೆಸುವುದು ಇಂದಿನ ಯಂತ್ರಗಳಿಗೆ ಕಷ್ಟವೇನಲ್ಲ. ಹೊಸ ಭಾಷೆಯೊಂದರ ಪ್ರಾಯೋಗಿಕ ಕಂಪೈಲರನ್ನು ಪಾಠಕ್ರಮಕ್ಕೆ ತರಲು ಹೊರಟ ಯಾವ ಅಧ್ಯಾಪಕನೂ ಮೊದಲು ಅದರ ಮೂಲ ಬರಹವನ್ನು ಕೇಳಿ ಪಡೆಯಲಿ, ಬಳಿಕ ಅದರಲ್ಲಿ ಇಲ್ಲದ ಸೌಲಭ್ಯವೊಂದನ್ನು ಬೇಕೆಂದೇ ಬಳಸಿ ಅದು ಏನು ಉತ್ತರಿಸುತ್ತದೆಂದು ನೋಡಲಿ. ಆ ಉತ್ತರ ವಿದ್ಯಾರ್ಥಿಯನ್ನು ತಪ್ಪಿತಸ್ಥನನ್ನಾಗಿ ಮಾಡುವಂತಿದ್ದರೆ ಕಂಪೈಲರನ್ನು ತಿದ್ದುವವರೆಗೆ ತರಗತಿಗೆ ತರದಿರಲಿ.